34ರ ವಯಸ್ಸಿಗೇ ಕಣ್ಣಿನ ರಕ್ತನಾಳ ಬ್ಲಾಕ್ ಆಗಿದೆ. ರಕ್ತ ಹೆಪ್ಪುಗಟ್ಟುವ ಕಾಯಿಲೆ ಇರಬಹುದಾ?

ಮುಂಜಾವು (ಮೊದಲ ದಿನ)

ಎಲ್ಲರಿಗೂ ನಮಸ್ಕಾರ. ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಮುಂದೆ ಬೂದು ಬಣ್ಣದ ಮಸುಕು ಕಾಣಿಸಿತು. ನಿದ್ದೆಯ ಮಂಪರು ಅಂದುಕೊಂಡೆ. ಮುಖ ತೊಳೆದೆ, ಹೋಗಲಿಲ್ಲ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಬಲಗಣ್ಣು ಮುಚ್ಚಿಕೊಂಡು ಫೋನ್ ನೋಡಿದರೆ ನಡುವಿನ ಅಕ್ಷರಗಳೇ ಇಲ್ಲ, ಅಕ್ಕಪಕ್ಕದ ಸಾಲುಗಳು ಡೊಂಕು. ಎರಡೂ ಕಣ್ಣು ತೆರೆದಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೂರು ದಿನ ಕಾದೆ.

ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಡಾಕ್ಟರು ನೋಡಿ, ಕಣ್ಣಿನ ಮುಖ್ಯ ಅಭಿಧಮನಿ (ರಕ್ತ ಹೊರಗೆ ಒಯ್ಯುವ ನಾಳ) ಬ್ಲಾಕ್ ಆಗಿದೆ ಎಂದರು. ರೆಟಿನಾ ತುಂಬ ರಕ್ತದ ಕಲೆಗಳು. ಓಸಿಟಿ ಸ್ಕ್ಯಾನ್‌ನಲ್ಲಿ ಮ್ಯಾಕುಲಾ, ಅಂದರೆ ರೆಟಿನಾದ ನಡುಭಾಗ, ಊದಿಕೊಂಡಿದೆ, ದಪ್ಪ 540 ಮೈಕ್ರಾನ್. ದೃಷ್ಟಿ 6/24 (ಸರಿ ಇರುವ ಕಣ್ಣಿಗೆ 6/6). ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ಈ ವಾರವೇ ಶುರು ಮಾಡೋಣ ಎಂದಿದ್ದಾರೆ.

ನನಗೆ ಶುಗರ್ ಇಲ್ಲ. ಸಿಗರೇಟ್ ಸೇದುವುದಿಲ್ಲ. ಇದು ವಯಸ್ಸಾದವರಿಗೆ ಬರುವ ಕಾಯಿಲೆ ಎಂದು ಎಲ್ಲ ಕಡೆ ಓದಿದೆ. ನನ್ನ ಸೋದರತ್ತೆಗೆ ಒಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ನೆನಪಾದಾಗಿನಿಂದ ನಿದ್ದೆ ಬರುತ್ತಿಲ್ಲ. ಇವತ್ತು ಕಣ್ಣು, ನಾಳೆ ಮೆದುಳು ಅನ್ನೋ ಭಯ. ಹೆಪ್ಪುಗಟ್ಟುವ ಎಲ್ಲ ಟೆಸ್ಟ್‌ಗಳನ್ನೂ ಮಾಡಿಸಿ, ಕಾರಣ ಗೊತ್ತಾದ ಮೇಲೆ ಇಂಜೆಕ್ಷನ್ ತೆಗೆದುಕೊಂಡರೆ ಒಳ್ಳೆಯದಲ್ವಾ? ಇದೇ ವಯಸ್ಸಿನಲ್ಲಿ ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕಣ್ಣಪಾಪೆ (ಮೊದಲ ದಿನ)

ಮುಂಜಾವು ಅವರೇ, ಮೊದಲ ಮಾತು: ಇಂಜೆಕ್ಷನ್ ಮುಂದಕ್ಕೆ ಹಾಕಬೇಡಿ. ನಾನು ರೆಟಿನಾ ವಿಭಾಗದಲ್ಲಿ ನರ್ಸ್. ಕಾರಣ ಹುಡುಕುವುದಕ್ಕೆ ಎರಡು ತಿಂಗಳು ಹಿಡಿದರೂ ನಷ್ಟವಿಲ್ಲ. ಊದಿಕೊಂಡ ಮ್ಯಾಕುಲಾವನ್ನು ಎರಡು ತಿಂಗಳು ಹಾಗೆಯೇ ಬಿಟ್ಟರೆ ನಷ್ಟವಿದೆ. ಇವೆರಡೂ ಬೇರೆ ಬೇರೆ ಕೆಲಸ, ಜೊತೆಜೊತೆಗೆ ನಡೆಯಬಹುದು. ಹೆಪ್ಪುಗಟ್ಟುವ ಟೆಸ್ಟ್‌ನಲ್ಲಿ ಏನೇ ಬಂದರೂ ಮ್ಯಾಕುಲಾದ ಊತಕ್ಕೆ ಕೊಡುವ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಕಣ್ಣಿನೊಳಗೆ ಏನಾಗಿದೆ ಅಂತ ಹೇಳುತ್ತೇನೆ. ರೆಟಿನಾಕ್ಕೆ ರಕ್ತ ತರುವ ಅಪಧಮನಿ, ಅಲ್ಲಿಂದ ರಕ್ತ ಒಯ್ಯುವ ಅಭಿಧಮನಿ ಎರಡೂ ಕಣ್ಣಿನ ಹಿಂಭಾಗದಲ್ಲಿ ನರದ ಜೊತೆ ಒಂದು ಇಕ್ಕಟ್ಟಾದ ಜರಡಿಯಂಥ ಜಾಗದಲ್ಲಿ ಹಾದು ಹೋಗುತ್ತವೆ. ಅಲ್ಲಿ ಅಭಿಧಮನಿ ಮುಚ್ಚಿಕೊಂಡರೆ ರಕ್ತ ಬರುತ್ತಲೇ ಇರುತ್ತದೆ, ಹೋಗುವುದಕ್ಕೆ ದಾರಿ ಇರುವುದಿಲ್ಲ. ಸಣ್ಣ ನಾಳಗಳಲ್ಲಿ ಒತ್ತಡ ಏರಿ ರಕ್ತ, ನೀರು ಎರಡೂ ಸೋರುತ್ತವೆ. ಆ ನೀರು ಮ್ಯಾಕುಲಾದಲ್ಲಿ ನಿಂತಾಗ ನಡುವಿನ ದೃಷ್ಟಿ ಮಸುಕಾಗುತ್ತದೆ. ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಎನ್ನುವ ರಾಸಾಯನಿಕವನ್ನು ಸುರಿಸುತ್ತದೆ. ಅದರಿಂದ ಸೋರಿಕೆ ಇನ್ನೂ ಜಾಸ್ತಿ. ಇಂಜೆಕ್ಷನ್ ಕೆಲಸ ಮಾಡುವುದು ಈ ವಿಇಜಿಎಫ್ ಮೇಲೆ. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮಾಬ್, ಈ ಮೂರರಲ್ಲಿ ಒಂದನ್ನು ಸಾಮಾನ್ಯವಾಗಿ ಕೊಡುತ್ತಾರೆ. ಕೆಲವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನ ಸಣ್ಣ ಕಡ್ಡಿಯನ್ನು ಕಣ್ಣೊಳಗೆ ಇಡುತ್ತಾರೆ. ಅದು ಕೆಲವು ತಿಂಗಳು ಕೆಲಸ ಮಾಡುತ್ತದೆ. ಆದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಚಿಕ್ಕ ವಯಸ್ಸಿನವರಿಗೆ ಅದನ್ನು ಯೋಚಿಸಿಯೇ ಕೊಡುತ್ತಾರೆ.

ಇಂಜೆಕ್ಷನ್ ಅಂದರೆ ಹೆದರಿಕೆ ಆಗುವುದು ಸಹಜ. ಮರಗಟ್ಟಿಸುವ ಹನಿ ಹಾಕುತ್ತಾರೆ, ಅಯೋಡಿನ್‌ನಿಂದ ತೊಳೆಯುತ್ತಾರೆ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಸೂಜಿ ಚುಚ್ಚುವುದು ಬಿಳಿ ಭಾಗದಲ್ಲಿ, ಕೆಲವೇ ಸೆಕೆಂಡು. ಆ ಸಂಜೆ ಉರಿ ಇದ್ದರೆ ಬಹುತೇಕ ಅಯೋಡಿನ್‌ನದ್ದು, ಮರುದಿನಕ್ಕೆ ಹೋಗುತ್ತದೆ. ಆದರೆ ಮುಂದಿನ ದಿನಗಳಲ್ಲಿ ನೋವು ಏರುತ್ತಾ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಳಗೆ ಸೋಂಕಾಗುವುದು ಬಹಳ ಅಪರೂಪ. ಆದರೂ ಆದಾಗ ಗಂಟೆ ಗಂಟೆಗೂ ಬೆಲೆ ಇದೆ.

ಗಾಳಿಪಟ (ಮೊದಲ ದಿನ)

ಶುಗರ್ ಇಲ್ಲ ಎಂದು ಬರೆದಿದ್ದೀರಿ. ಬಿಪಿ ಎಷ್ಟು?

ಮುಂಜಾವು (ಮೊದಲ ದಿನ)

ಆಸ್ಪತ್ರೆಯಲ್ಲಿ 148/96 ಬಂತು. ಟೆನ್ಶನ್‌ನಿಂದ ಇರಬೇಕು ಅಂದುಕೊಂಡು ಬಿಟ್ಟುಬಿಟ್ಟೆ.

ಗಾಳಿಪಟ (ಎರಡನೇ ದಿನ)

ಬಿಡಬೇಡಿ. ನನ್ನ ಕಥೆ ಹೇಳುತ್ತೇನೆ, ಅದಕ್ಕೇ ಕೇಳಿದ್ದು.

ನನಗೆ 38ರಲ್ಲಿ ಬಲಗಣ್ಣಿನ ಒಂದು ಕವಲು ನಾಳ ಬ್ಲಾಕ್ ಆಯಿತು. ನಿಮ್ಮ ಹಾಗೆಯೇ ಯೋಚಿಸಿದೆ. ವಯಸ್ಸು ಕಡಿಮೆ, ದಿನಾ ಓಡುತ್ತೇನೆ, ಅಂದಮೇಲೆ ರಕ್ತದಲ್ಲೇ ಏನೋ ಅಪರೂಪದ ದೋಷ ಇರಬೇಕು ಎಂದು. ಜೀನ್ ಟೆಸ್ಟ್‌ವರೆಗೂ ಹೋದೆ. ಎಲ್ಲ ನಾರ್ಮಲ್. ಕೊನೆಗೆ ಒಬ್ಬ ಫಿಸಿಶಿಯನ್ 24 ಗಂಟೆ ಬಿಪಿ ಅಳೆಯುವ ಯಂತ್ರ ಕಟ್ಟಿ ಕಳಿಸಿದರು. ರಾತ್ರಿ ಮಲಗಿದಾಗಲೂ 160ರ ಮೇಲೆ. ಆಮೇಲೆ ನಿದ್ದೆಯ ಪರೀಕ್ಷೆ ಮಾಡಿದಾಗ, ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇರುವುದೂ ಗೊತ್ತಾಯಿತು. ಎಷ್ಟು ವರ್ಷದಿಂದ ಇತ್ತೋ.

ಕವಲು ನಾಳದ ವಿಷಯದಲ್ಲಿ ಡಾಕ್ಟರು ಒಂದು ಚಿತ್ರ ಬರೆದು ತೋರಿಸಿದರು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರೆಟಿನಾದಲ್ಲಿ ಅಪಧಮನಿ, ಅಭಿಧಮನಿ ಒಂದರ ಮೇಲೊಂದು ಹಾಯುವ ಕಡೆ ಎರಡಕ್ಕೂ ಒಂದೇ ಹೊದಿಕೆ. ಬಿಪಿಯಿಂದ ಅಪಧಮನಿ ಗಡುಸಾದರೆ ಕೆಳಗಿನ ಮೆದು ನಾಳವನ್ನು ಅಮುಕುತ್ತದೆ. ಅಲ್ಲಿ ರಕ್ತ ಸುಳಿ ಸುತ್ತಿ ಹೆಪ್ಪುಗಟ್ಟುತ್ತದೆ. ಅಂದರೆ ನನ್ನ ರಕ್ತದಲ್ಲಿ ದೋಷವೇ ಇರಲಿಲ್ಲ. ಒತ್ತಡದಿಂದ ಹಾಳಾಗಿದ್ದು ನಾಳ.

ಮನೆಯಲ್ಲೇ ಒಂದು ವಾರ ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. ಐದು ನಿಮಿಷ ಕೂತು ಆಮೇಲೆ ಅಳೆಯಿರಿ. ಕೊಲೆಸ್ಟ್ರಾಲ್ ನೋಡಿಸಿ. ಕಣ್ಣಿನ ಒತ್ತಡ ಎಷ್ಟಿದೆ ಎಂದೂ ಕೇಳಿ, ಯಾಕೆಂದರೆ ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಇದ್ದವರಿಗೂ ಇದು ಜಾಸ್ತಿ ಬರುತ್ತದೆ.

ಲ್ಯಾಬ್‌ಕೋಟು (ಎರಡನೇ ದಿನ)

ನಾನು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಈ ವಿಷಯದಲ್ಲಿ ಉದ್ದವಾಗಿ ಬರೆಯದೆ ಇರಲು ಆಗುವುದಿಲ್ಲ. ತಪ್ಪು ಹೊತ್ತಿನಲ್ಲಿ ತೆಗೆದ ರಕ್ತದಿಂದ ಜನ ವರ್ಷಗಟ್ಟಲೆ ಹೆದರಿ ಬದುಕುವುದನ್ನು ನೋಡಿದ್ದೇನೆ.

ರಕ್ತ ನಾಳದೊಳಗೆ ಹೆಪ್ಪುಗಟ್ಟಲು ಮೂರು ಕಾರಣ. ಹರಿವು ನಿಧಾನವಾಗಬೇಕು, ನಾಳದ ಒಳಗೋಡೆಗೆ ಪೆಟ್ಟಾಗಬೇಕು, ಇಲ್ಲವೇ ರಕ್ತದ ಗುಣವೇ ಬದಲಾಗಬೇಕು. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಹೆಸರಿನಲ್ಲಿ ಇದನ್ನು ಇಂದಿಗೂ ಕಲಿಸುತ್ತಾರೆ. ಗಾಳಿಪಟ ಅವರದ್ದು ಮೊದಲ ಎರಡು. ಥ್ರಾಂಬೋಫಿಲಿಯಾ ಅನ್ನುವುದು ಮೂರನೆಯದು, ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಸ್ವಭಾವ.

ಹುಟ್ಟಿನಿಂದ ಬರುವಂಥವು: ಫ್ಯಾಕ್ಟರ್ 5 ಲೈಡನ್, ಪ್ರೋಥ್ರಾಂಬಿನ್ ಜೀನ್‌ನ ಬದಲಾವಣೆ, ಪ್ರೋಟೀನ್ ಸಿ ಕೊರತೆ, ಪ್ರೋಟೀನ್ ಎಸ್ ಕೊರತೆ, ಆಂಟಿಥ್ರಾಂಬಿನ್ ಕೊರತೆ (ಕೊನೆಯ ಮೂರೂ ಹೆಪ್ಪನ್ನು ತಡೆಯುವ ಪ್ರೋಟೀನ್‌ಗಳು). ಲೈಡನ್ ಎನ್ನುವುದು ನೆದರ್ಲೆಂಡ್ಸ್‌ನ ಊರು, 1994ರಲ್ಲಿ ಅಲ್ಲಿ ಈ ಬದಲಾವಣೆ ಪತ್ತೆಯಾಯಿತು. ಯುರೋಪ್ ಮೂಲದವರಲ್ಲಿ ಸುಮಾರು 5% ಜನರಿಗೆ ಅದು ಇರುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಜೀವನವಿಡೀ ಒಂದು ಹೆಪ್ಪೂ ಆಗುವುದಿಲ್ಲ. ಪೂರ್ವ ಏಷ್ಯಾದವರಲ್ಲಿ, ಆಫ್ರಿಕಾ ಮೂಲದವರಲ್ಲಿ ಅದು ತೀರಾ ವಿರಳ.

ಆಮೇಲೆ ಬರುವಂಥವುಗಳಲ್ಲಿ ದೊಡ್ಡದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಎಪಿಎಸ್. ಅದರಲ್ಲಿ ದೇಹವೇ ಮಾಡಿಕೊಳ್ಳುವ ಆಂಟಿಬಾಡಿಗಳಿಂದ ರಕ್ತ ಹೆಪ್ಪುಗಟ್ಟುತ್ತದೆ. ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುವುದು ಇನ್ನೊಂದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇವುಗಳಲ್ಲಿ ಹೆಚ್ಚಿನವು ಕಾಲಿನ ಹೆಪ್ಪಿಗೆ, ಶ್ವಾಸಕೋಶದ ಹೆಪ್ಪಿಗೆ ಗಟ್ಟಿ ಸಂಬಂಧ ಉಳ್ಳವು. ಕಣ್ಣಿನ ಅಭಿಧಮನಿಯ ಬ್ಲಾಕ್‌ಗೆ ಅಷ್ಟು ಗಟ್ಟಿ ಸಂಬಂಧ ಕಂಡಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸ್ವಲ್ಪ ಎದ್ದು ಕಂಡದ್ದು ಎರಡು: ಹೋಮೋಸಿಸ್ಟೀನ್, ಎಪಿಎಸ್‌ನ ಆಂಟಿಬಾಡಿಗಳಲ್ಲಿ ಒಂದಾದ ಆಂಟಿಕಾರ್ಡಿಯೋಲಿಪಿನ್. ಹಾಗಾಗಿ ಕಣ್ಣು ಬ್ಲಾಕ್ ಆದ ಎಲ್ಲರಿಗೂ ಪೂರ್ತಿ ಪಟ್ಟಿ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ. ವಯಸ್ಸು ಕಡಿಮೆ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಣ್ಣಿನ ಒತ್ತಡ ಎಲ್ಲ ಸರಿ ಇದೆ, ಅಥವಾ ಎರಡೂ ಕಣ್ಣಿಗೆ ಆಗಿದೆ, ಹಿಂದೆ ಬೇರೆ ಕಡೆ ಹೆಪ್ಪಾಗಿದೆ, ಮತ್ತೆ ಮತ್ತೆ ಗರ್ಭಪಾತ ಆಗಿದೆ, ಹತ್ತಿರದ ರಕ್ತಸಂಬಂಧಿಗಳಿಗೆ ಸಣ್ಣ ವಯಸ್ಸಿನಲ್ಲೇ ಹೆಪ್ಪಾಗಿದೆ, ಇಂಥವರಲ್ಲಿ ಹುಡುಕುವುದಕ್ಕೆ ಅರ್ಥವಿದೆ.

ಟೆಸ್ಟ್ ಮಾಡಿಸುವುದೇ ಆದರೆ ಇವನ್ನು ನೆನಪಿಡಿ.

ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ನುಂಗುತ್ತಿರುವಾಗ ಪ್ರೋಟೀನ್ ಸಿ, ಎಸ್ ನೋಡಿಸಬೇಡಿ. ಆ ಎರಡೂ ವಿಟಮಿನ್ ಕೆ ಬೇಕಾದ ಪ್ರೋಟೀನ್‌ಗಳು. ಮಾತ್ರೆ ವಿಟಮಿನ್ ಕೆ ಕೆಲಸವನ್ನು ತಡೆಯುವುದರಿಂದಲೇ ಅವು ಇಳಿಯುತ್ತವೆ. ಗರ್ಭಿಣಿಯರಲ್ಲಿ, ಈಸ್ಟ್ರೋಜನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಕಡಿಮೆ ಇರುತ್ತದೆ, ಅದು ಕಾಯಿಲೆ ಅಲ್ಲ. ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್ ಮೇಲಿರುವಾಗ ಆಂಟಿಥ್ರಾಂಬಿನ್ ಇಳಿದು ಕಾಣುತ್ತದೆ. ರಕ್ತ ತೆಳು ಮಾಡುವ ಹೊಸ ಮಾತ್ರೆಗಳು ಎಪಿಎಸ್‌ಗೆ ಮಾಡುವ ಲೂಪಸ್ ಆಂಟಿಕೋಆಗ್ಯುಲಂಟ್ ಪರೀಕ್ಷೆಯನ್ನು ಕೆಡಿಸುತ್ತವೆ. ಜೀನ್ ಪರೀಕ್ಷೆಗಳಿಗೆ ಮಾತ್ರ ಈ ತೊಂದರೆ ಇಲ್ಲ, ಯಾವಾಗ ಮಾಡಿದರೂ ಒಂದೇ.

ಹೋಮೋಸಿಸ್ಟೀನ್ ಖಾಲಿ ಹೊಟ್ಟೆಯಲ್ಲಿ. ಟ್ಯೂಬನ್ನು ಐಸ್ ಮೇಲೆ ಇಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ಹೊರಗೆ ಸುಮ್ನೆ ಬಿಟ್ಟರೆ ಕೆಂಪು ಕಣಗಳಿಂದ ಹೋಮೋಸಿಸ್ಟೀನ್ ಹೊರಬರುತ್ತಾ ಸಂಖ್ಯೆ ಏರುತ್ತದೆ. ಎಷ್ಟೋ ಸಲ 20 ಬಂದದ್ದು ಸರಿಯಾಗಿ ತೆಗೆದಾಗ 13 ಆಗಿದ್ದು ನೋಡಿದ್ದೇನೆ.

ಎಪಿಎಸ್‌ನ ಆಂಟಿಬಾಡಿ ಒಂದು ಸಲ ಪಾಸಿಟಿವ್ ಬಂದರೆ ಅದು ಎಪಿಎಸ್ ಅಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೆ ನೋಡಿದಾಗಲೂ ಇರಬೇಕು. ಯಾವುದೋ ಜ್ವರ, ಸೋಂಕು ಬಂದು ಹೋದಾಗಲೂ ಅದು ತಾತ್ಕಾಲಿಕವಾಗಿ ಪಾಸಿಟಿವ್ ಆಗುತ್ತದೆ.

ಇನ್ನೊಂದು. ಎಲ್ಲಕ್ಕಿಂತ ಮೊದಲು ಸಾದಾ ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ (ಉರಿಯೂತದ ಸುಳಿವು ಕೊಡುವ ಪರೀಕ್ಷೆ) ಮಾಡಿಸಿ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ಕಣ ಇವು ವಿಪರೀತ ಏರಿದ್ದರೆ ರಕ್ತವೇ ಗಟ್ಟಿಯಾಗಿರುತ್ತದೆ. ಪಾಲಿಸೈಥೀಮಿಯಾ (ಕೆಂಪು ಕಣ ವಿಪರೀತ ಹೆಚ್ಚುವುದು), ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಇಂಥ ಕಾಯಿಲೆಗಳು ಮೊದಲ ಸಲ ಕಣ್ಣಿನಲ್ಲಿ ಕಾಣಿಸಿಕೊಂಡದ್ದೂ ಉಂಟು. ದುಬಾರಿ ಜೀನ್ ಟೆಸ್ಟ್ ಮಾಡಿಸಿ ಸಿಬಿಸಿ ಮರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಂಟಿದೋಣಿ (ಮೂರನೇ ದಿನ)

ಲ್ಯಾಬ್‌ಕೋಟು ಅವರೇ, ಅಷ್ಟೊಂದು ತಡೆಯುವುದು ಯಾಕೆ? ನನ್ನ ಕಣ್ಣು, ನನ್ನ ದೇಹ. ಎಲ್ಲವನ್ನೂ ಒಮ್ಮೆ ನೋಡಿಸಿಬಿಟ್ಟರೆ ಮನಸ್ಸಿಗೆ ನೆಮ್ಮದಿ. ನಾನು 29ರಲ್ಲಿ ಎಲ್ಲ ಮಾಡಿಸಿದೆ. ಫ್ಯಾಕ್ಟರ್ 5 ಲೈಡನ್ ಜೀನ್‌ನ ಒಂದು ಪ್ರತಿ ಇರುವುದು ಗೊತ್ತಾಯಿತು. ಕನಿಷ್ಠ ಕಾರಣ ಗೊತ್ತಾಯಿತಲ್ಲ.

ಲ್ಯಾಬ್‌ಕೋಟು (ಮೂರನೇ ದಿನ)

ನಿಮ್ಮ ಮಾತು ಅರ್ಥವಾಗುತ್ತದೆ, ತಪ್ಪು ಎನ್ನುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ. ಅದು ಸಿಕ್ಕಿದ ಮೇಲೆ ನಿಮ್ಮ ಚಿಕಿತ್ಸೆಯಲ್ಲಿ ಏನು ಬದಲಾಯಿತು?

ಒಂಟಿದೋಣಿ (ಮೂರನೇ ದಿನ)

ಕಣ್ಣಿಗೆ ಏನೂ ಬದಲಾಗಲಿಲ್ಲ. ಹೆಮಟಾಲಜಿ (ರಕ್ತದ ಕಾಯಿಲೆಗಳ) ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಬೇಡ ಎಂದರು. ಆಪರೇಷನ್ ಏನಾದರೂ ಆದರೆ, ತುಂಬಾ ದಿನ ಹಾಸಿಗೆ ಹಿಡಿಯುವ ಹಾಗಾದರೆ ಮೊದಲೇ ತಿಳಿಸಿ ಎಂದರು. ತಂಗಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡಲು ಹೇಳಿದರು. ಅದೊಂದು ಉಪಯೋಗ ಆಯಿತು. ಆದರೆ ನಿಜ ಹೇಳಬೇಕೆಂದರೆ ಮೊದಲ ವರ್ಷ ಪ್ರತಿ ಸಲ ಕಾಲು ನೋವು ಬಂದಾಗಲೂ ಸ್ಕ್ಯಾನ್‌ಗೆ ಓಡಿದ್ದೇನೆ. ಅದರ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ.

ಎರಡನೇಸಲ (ನಾಲ್ಕನೇ ದಿನ)

ನಾನು ಇನ್ನೊಂದು ಕಡೆಯಿಂದ ಹೇಳಬೇಕು. ನನಗೆ ಟೆಸ್ಟ್ ಜೀವ ಉಳಿಸಿತು.

27ರಲ್ಲಿ ಮೊದಲ ಗರ್ಭಪಾತ. 28ರಲ್ಲಿ ಎರಡನೆಯದು, ಐದನೇ ತಿಂಗಳಿನಲ್ಲಿ. ಹಣೆಬರಹ ಅಂದುಕೊಂಡು ಸುಮ್ಮನಾದೆವು. 31ರಲ್ಲಿ ಎಡಗಣ್ಣಿನ ಅಭಿಧಮನಿ ಬ್ಲಾಕ್. ಕಣ್ಣಿನ ಡಾಕ್ಟರು ರೆಟಿನಾ ನೋಡಿ ಮುಗಿಸಿದ ಮೇಲೆ, ಗರ್ಭಪಾತ ಏನಾದರೂ ಆಗಿತ್ತಾ ಎಂದು ಕೇಳಿದರು. ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ಆಶ್ಚರ್ಯ. ಆ ಒಂದು ಪ್ರಶ್ನೆಯಿಂದ ಎಲ್ಲ ಹೊರಬಂತು. ಮೂರೂ ಆಂಟಿಬಾಡಿ ಪಾಸಿಟಿವ್: ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ 2 ಗ್ಲೈಕೋಪ್ರೋಟೀನ್. 12 ವಾರ ಆದ ಮೇಲೂ ಹಾಗೆಯೇ ಇತ್ತು. ಆ ಕಾಯುವ ವಾರಗಳ ನಡುವೆಯೇ ಕಾಲಿನಲ್ಲಿ ದೊಡ್ಡ ಹೆಪ್ಪಾಯಿತು.

ಈಗ ವಾರ್ಫರಿನ್ ತೆಗೆದುಕೊಳ್ಳುತ್ತೇನೆ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂಬ ಅಳತೆ) 2 ರಿಂದ 3ರ ನಡುವೆ ಇರಬೇಕು. ಪದೇ ಪದೇ ರಕ್ತ ಕೊಡಬೇಕಾಗದ ಹೊಸ ಮಾತ್ರೆ ಕೊಡಿ ಎಂದು ಕೇಳಿದ್ದೆ. ಮೂರೂ ಪಾಸಿಟಿವ್ ಇದ್ದವರಿಗೆ ಅದು ಬೇಡ ಎಂದರು. ರಿವರಾಕ್ಸಬಾನ್ ಮಾತ್ರೆಯನ್ನು ವಾರ್ಫರಿನ್ ಜೊತೆ ಹೋಲಿಸಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತಂತೆ, ಆ ಮಾತ್ರೆ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು, ಹೃದಯಾಘಾತ ಜಾಸ್ತಿ ಆದವು ಎಂದು. 2018ರಲ್ಲಿ ಅದರ ಫಲಿತಾಂಶ ಬಂತು.

ಹಾಗಾಗಿ ಮುಂಜಾವು ಅವರೇ, ಟೆಸ್ಟ್ ಪಟ್ಟಿಗಿಂತ ಮೊದಲು ನಿಮ್ಮ ಪೂರ್ತಿ ಕಥೆಯನ್ನು ಡಾಕ್ಟರಿಗೆ ಹೇಳಿ. ಹಳೆಯ ಹೆಪ್ಪು, ಗರ್ಭಪಾತ, ಬಾಯಿಯಲ್ಲಿ ಮತ್ತೆ ಮತ್ತೆ ಹುಣ್ಣು, ಗಂಟು ನೋವು, ಚರ್ಮದ ಮೇಲೆ ಬಲೆಯಂಥ ಗೆರೆ, ಯಾವುದನ್ನೂ ಸಣ್ಣದು ಎಂದು ಬಿಡಬೇಡಿ.

ಕಣ್ಣಪಾಪೆ (ನಾಲ್ಕನೇ ದಿನ)

ಎರಡನೇಸಲ ಅವರೇ, ಇದನ್ನು ಬರೆಯುವುದು ಸುಲಭವಲ್ಲ. ತುಂಬಾ ಧನ್ಯವಾದ. ಬಾಯಿ ಹುಣ್ಣಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಬೆಹ್‌ಚೆಟ್, ಲೂಪಸ್, ಸಾರ್ಕಾಯ್ಡ್ ಎಂಬ ಉರಿಯೂತದ ಕಾಯಿಲೆಗಳಲ್ಲಿ ನಾಳದ ಗೋಡೆಯೇ ಹಾಳಾಗಬಹುದು. ಅಲ್ಲಿ ಬೇಕಾಗುವುದು ಬೇರೆಯದೇ ಚಿಕಿತ್ಸೆ. ಚಿಕ್ಕ ವಯಸ್ಸಿನವರಲ್ಲಿ ಹುಡುಕುವಾಗ ಹೆಪ್ಪುಗಟ್ಟುವ ಪಟ್ಟಿಯಷ್ಟೇ ಇದೂ ಮುಖ್ಯ.

ತಿಳಿನೀರು (ಐದನೇ ದಿನ)

ನನಗೆ 26. ಎರಡು ವರ್ಷದಿಂದ ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಮುಟ್ಟಿನ ತೊಂದರೆಗೆ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕಣ್ಣಿನ ಆಸ್ಪತ್ರೆಯಲ್ಲಿ ಕೇಳಿದಾಗ, ಏನೂ ಇಲ್ಲ ಎಂದೆ. ಅದನ್ನು ಔಷಧ ಎಂದು ನಾನು ಲೆಕ್ಕವೇ ಹಾಕಿರಲಿಲ್ಲ. ಮೂರನೇ ಭೇಟಿಯಲ್ಲಿ ಗೊತ್ತಾಗಿ ನಿಲ್ಲಿಸಿದರು. ಈಗ ಈಸ್ಟ್ರೋಜನ್ ಇಲ್ಲದ ಬೇರೆ ದಾರಿ. ಯಾರಾದರೂ ಹೀಗೇ ಮರೆತಿರಬಹುದು ಎಂದು ಬರೆದೆ.

ಮುಂಜಾವು (ಹನ್ನೆರಡನೇ ದಿನ)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೊದಲ ಇಂಜೆಕ್ಷನ್ ಆಯಿತು. ಕಣ್ಣಪಾಪೆ ಅವರು ಹೇಳಿದ ಹಾಗೆಯೇ ನಡೆಯಿತು. ಸಂಜೆ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ, ಬೆಳಿಗ್ಗೆ ಏನೂ ಇಲ್ಲ. ಒಂದು ಕಪ್ಪು ಗುಳ್ಳೆ ಕೆಳಗೆ ತೇಲುತ್ತಿತ್ತು, ಎರಡು ದಿನಕ್ಕೆ ಮಾಯವಾಯಿತು.

ಆಂಜಿಯೋಗ್ರಾಮ್ ಕೂಡ ಮಾಡಿದರು. ಕೈಗೆ ಹಳದಿ ಬಣ್ಣದ ಔಷಧ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಆ ದಿನ ಮೂತ್ರ ಕಿತ್ತಳೆ ಬಣ್ಣ. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ರಕ್ತ ಪೂರ್ತಿ ತಲುಪದ ಜಾಗ ಕಡಿಮೆ ಇದೆ, ಸದ್ಯಕ್ಕೆ ಇದು ಸೌಮ್ಯ ರೂಪ ಎಂದರು.

ಬಿಪಿ ಒಂದು ವಾರ ಬರೆದಿಟ್ಟೆ. ಸರಾಸರಿ 146/94. ಟೆನ್ಶನ್ ಅಲ್ಲ, ಬಿಪಿಯೇ. ಮಾತ್ರೆ ಶುರುವಾಗಿದೆ. ಗಾಳಿಪಟ ಅವರೇ, ನೀವು ಆ ಒಂದು ಸಾಲು ಕೇಳದಿದ್ದರೆ ನಾನು ಅದನ್ನು ಅಳೆಯುತ್ತಲೇ ಇರಲಿಲ್ಲ.

ರಕ್ತದ ಫಲಿತಾಂಶ: ಸಿಬಿಸಿ, ಇಎಸ್‌ಆರ್, ಶುಗರ್ ಸರಿ ಇವೆ. ಹೋಮೋಸಿಸ್ಟೀನ್ 24. ಬಿ12 ಕಡಿಮೆ. ಆಂಟಿಕಾರ್ಡಿಯೋಲಿಪಿನ್ ಸ್ವಲ್ಪ ಪಾಸಿಟಿವ್, ಉಳಿದ ಎರಡು ನೆಗೆಟಿವ್. ಈ ಪಾಸಿಟಿವ್ ಶಬ್ದ ನೋಡಿ ಕೈ ನಡುಗಿತು. ಎರಡನೇಸಲ ಅವರ ಕಥೆಯೇ ತಲೆಯಲ್ಲಿ ಸುತ್ತುತ್ತಿದೆ. ಇದರ ಜೊತೆ ಲ್ಯಾಬ್‌ನವರು ತಾವಾಗಿಯೇ ಎಂಟಿಎಚ್‌ಎಫ್‌ಆರ್ ಎಂಬ, ಹೋಮೋಸಿಸ್ಟೀನ್‌ಗೆ ಸಂಬಂಧಿಸಿದ ಜೀನ್ ಟೆಸ್ಟ್ ಮಾಡಿಸಿ ಎಂದೂ ಹೇಳುತ್ತಿದ್ದಾರೆ. ಏನು ಮಾಡಲಿ?

ಲ್ಯಾಬ್‌ಕೋಟು (ಹನ್ನೆರಡನೇ ದಿನ)

ಎಂಟಿಎಚ್‌ಎಫ್‌ಆರ್ ಬೇಡ. ಆ ಜೀನ್‌ನ ಬದಲಾವಣೆ ಬಹಳ ಜನರಲ್ಲಿ ಇರುವಂಥದ್ದು. ಅದರಿಂದ ಹೆಪ್ಪಿನ ಅಪಾಯ ಅಳೆಯಲು ಆಗುವುದಿಲ್ಲ. ಹೋಮೋಸಿಸ್ಟೀನ್ ಸಂಖ್ಯೆ ನಿಮ್ಮ ಕೈಯಲ್ಲಿದೆ, ಬಿ12 ಕೊರತೆ ಎಂಬ ಕಾರಣವೂ ಕೈಯಲ್ಲಿದೆ. ಬಿ12 ಸರಿಪಡಿಸಿಕೊಳ್ಳಿ. ನರಗಳಿಗೆ, ರಕ್ತಕ್ಕೆ ಅದು ಹೇಗೂ ಬೇಕು. ಹೋಮೋಸಿಸ್ಟೀನ್ ಇಳಿಯುತ್ತದೆ. ಅದನ್ನು ಇಳಿಸಿದರೆ ಮತ್ತೆ ಹೆಪ್ಪಾಗುವುದು ತಪ್ಪುತ್ತದೆ ಎಂದು ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಅದು ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ, ಆದರೆ ಕೊರತೆಯನ್ನು ಹಾಗೇ ಬಿಡುವ ಹಾಗಿಲ್ಲ.

ಒಂದೇ ಆಂಟಿಬಾಡಿ, ಅದೂ ಸ್ವಲ್ಪ, ಅದೂ ಒಂದೇ ಸಲ. ಎರಡನೇಸಲ ಅವರದ್ದು ಮೂರು, ಜಾಸ್ತಿ ಮಟ್ಟದಲ್ಲಿ, ಎರಡು ಸಲ, ಜೊತೆಗೆ ಹಿಂದಿನ ಕಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಇತ್ತೀಚೆಗೆ ಜ್ವರ ಬಂದಿತ್ತಾ? 12 ವಾರ ಕಾಯಿರಿ.

ಎರಡನೇಸಲ (ಹದಿಮೂರನೇ ದಿನ)

ನನ್ನ ಕಥೆ ನಿಮ್ಮನ್ನು ಹೆದರಿಸಿದ್ದಕ್ಕೆ ಬೇಸರವಾಯಿತು. ಲ್ಯಾಬ್‌ಕೋಟು ಅವರು ಹೇಳಿದ್ದು ಸರಿ. ನಿಮ್ಮದು ನನ್ನ ಹಾಗಿಲ್ಲ. ಈ 12 ವಾರದಲ್ಲಿ ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದ ಹೊತ್ತು ನಿಮ್ಮ ಪಾಡಿಗೆ ನೀವಿರಿ.

ಮುಂಜಾವು (ಹದಿಮೂರನೇ ದಿನ)

ಹೌದು, ಕಣ್ಣಿಗೆ ಆಗುವ ಎರಡು ವಾರ ಮೊದಲು ಜ್ವರ ಬಂದು ಮಲಗಿದ್ದೆ. ಇನ್ನೊಂದು ಕೇಳಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಂಡರೆ ಕಣ್ಣಿನ ಬ್ಲಾಕ್ ಕರಗುವುದಿಲ್ಲವಾ? ಮನೆಯವರು ಆಸ್ಪಿರಿನ್ ಆದರೂ ತೆಗೆದುಕೋ ಎನ್ನುತ್ತಿದ್ದಾರೆ.

ಕಣ್ಣಪಾಪೆ (ಹದಿಮೂರನೇ ದಿನ)

ನಾವಾಗಿಯೇ ತೆಗೆದುಕೊಳ್ಳುವಂಥದ್ದಲ್ಲ ಅದು. ಆಸ್ಪಿರಿನ್ ಆಗಲಿ, ವಾರ್ಫರಿನ್ ಆಗಲಿ ಕಣ್ಣಿನ ಅಭಿಧಮನಿಯ ಬ್ಲಾಕ್ ತೆರೆಸಿ ದೃಷ್ಟಿ ತರುತ್ತದೆ ಎಂದು ತೋರಿಸಿದ್ದಿಲ್ಲ. ರೆಟಿನಾದಲ್ಲಿ ರಕ್ತ ಸೋರಿರುವಾಗ ಅದು ಇನ್ನಷ್ಟು ಸೋರುವ ಭಯವೂ ಇದೆ. ಎಪಿಎಸ್‌ನಂಥ ಬೇರೆ ಕಾರಣಕ್ಕೆ ಬೇಕೇ ಬೇಕು ಎಂದಾಗ ಕೊಡುತ್ತಾರೆ, ಹೃದಯಕ್ಕಾಗಿ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ತಾವಾಗಿ ನಿಲ್ಲಿಸಲೂಬಾರದು. ಅಂಥವರಿಗೂ ಕಣ್ಣಿನ ಇಂಜೆಕ್ಷನ್ ಕೊಡಬಹುದು.

ಇನ್ನು ಮುಂದಿನ ತಿಂಗಳುಗಳ ಬಗ್ಗೆ. ಸೌಮ್ಯ ರೂಪ ಎಂದದ್ದು ಸದ್ಯದ ಮಾತು. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಮೊದಲು ಸೌಮ್ಯವಾಗಿದ್ದ ಕಣ್ಣುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ವರ್ಷದೊಳಗೆ ತೀವ್ರ ರೂಪಕ್ಕೆ ತಿರುಗಿದ್ದವು. ತೀವ್ರವಾದಾಗ ಕಣ್ಣಿನ ಮುಂಭಾಗದಲ್ಲಿ ಬೇಡದ ಹೊಸ ನಾಳಗಳು ಬೆಳೆದು ಒತ್ತಡ ವಿಪರೀತ ಏರುತ್ತದೆ. ಅದು ಬಹುತೇಕ ಮೊದಲ ಕೆಲವು ತಿಂಗಳಲ್ಲೇ ಆಗುವುದರಿಂದ ಹಳಬರು ಅದನ್ನು 100 ದಿನದ ಗ್ಲಾಕೋಮಾ ಎನ್ನುತ್ತಿದ್ದರು. ಸಮಯಕ್ಕೆ ಕಂಡರೆ ಲೇಸರ್‌ನಿಂದ ತಡೆಯಬಹುದು. ಆದ್ದರಿಂದ ದೃಷ್ಟಿ ಚೆನ್ನಾಗಿದೆ ಎಂದು ಭೇಟಿ ತಪ್ಪಿಸಬೇಡಿ. ಕಣ್ಣು ನೋವು, ಕೆಂಪು, ದೀಪದ ಸುತ್ತ ಬಣ್ಣದ ವೃತ್ತ ಕಂಡರೆ ಫೋನ್ ಮಾಡಿ ಕಾಯಬೇಡಿ, ನೇರ ಹೋಗಿ. ಮನೆಯಲ್ಲಿ ಚೌಕದ ಗೆರೆಯ ಕಾಗದ ಗೋಡೆಗೆ ಅಂಟಿಸಿ, ದಿನಾ ಒಂದೊಂದೇ ಕಣ್ಣಿನಿಂದ ನೋಡಿ. ಗೆರೆ ಡೊಂಕಾದರೆ ಊತ ಮರಳಿ ಬಂದಿರಬಹುದು.

ಮುಂಜಾವು (ಹದಿನೈದನೇ ವಾರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ನಾಲ್ಕು ಇಂಜೆಕ್ಷನ್ ಆಗಿವೆ. ದಪ್ಪ 540 ಇದ್ದದ್ದು 290ಕ್ಕೆ ಬಂದಿದೆ. ದೃಷ್ಟಿ 6/9. ಎರಡನೇ ಇಂಜೆಕ್ಷನ್ ನಂತರ ಇಳಿದದ್ದು ಆರು ವಾರ ಬಿಟ್ಟಾಗ ಮತ್ತೆ ಏರಿತ್ತು, ಗೋಡೆಯ ಮೇಲಿನ ಗೆರೆ ಡೊಂಕಾದದ್ದು ಸ್ಕ್ಯಾನ್‌ಗಿಂತ ಮೊದಲೇ ನನಗೆ ಗೊತ್ತಾಯಿತು. ಇನ್ನೂ ಎಷ್ಟು ಬೇಕಾಗುತ್ತದೋ ಹೇಳಲಾಗದು, ವರ್ಷ ದಾಟಬಹುದು ಎಂದಿದ್ದಾರೆ. ಎಡಗಣ್ಣಿನಲ್ಲಿ ಬಣ್ಣಗಳು ಇನ್ನೂ ಸ್ವಲ್ಪ ಮಾಸಿದ ಹಾಗೆ. ಮೆಟ್ಟಿಲು ಇಳಿಯುವಾಗ ಈಗ ಕೈಗಂಬಿ ಹಿಡಿಯುವುದಿಲ್ಲ.

ಬಿಪಿ 124/80. ಹೋಮೋಸಿಸ್ಟೀನ್ 11. ಆಂಟಿಕಾರ್ಡಿಯೋಲಿಪಿನ್ ನೆಗೆಟಿವ್.

ಆ ಕಾಗದ ನೋಡಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಹೆಮಟಾಲಜಿ ಡಾಕ್ಟರು ಇನ್ನು ಟೆಸ್ಟ್ ಬೇಡ ಎಂದರು. ಸೋದರತ್ತೆಗೆ ಹೆಪ್ಪಾಗಿದ್ದು 61ರಲ್ಲಿ, ಸೊಂಟದ ಆಪರೇಷನ್ ಆದ ಮೇಲೆ. ಅದನ್ನು ಕೇಳಿ ತಿಳಿದುಕೊಂಡೆ. ಆಪರೇಷನ್ ಆದಮೇಲೆ ಅಂಥ ಹೆಪ್ಪು ಯಾರಿಗೂ ಆಗಬಹುದು, ಅದನ್ನು ಮನೆತನದ ಕಾಯಿಲೆ ಎನ್ನಲಾಗದು ಎಂದರು. ನಾನು ಅಷ್ಟು ರಾತ್ರಿ ನಿದ್ದೆಗೆಟ್ಟದ್ದು ಅದೇ ನೆನಪಿಗೆ. ಒಂದು ಫೋನ್ ಮಾಡಿ ಕೇಳಿದ್ದರೆ ಆಗುತ್ತಿತ್ತು.

ಗಾಳಿಪಟ (ಹದಿನೈದನೇ ವಾರ)

124/80 ಓದಿ ತುಂಬಾ ಖುಷಿಯಾಯಿತು. ಕಣ್ಣು ಚೆನ್ನಾಯಿತು ಎಂದು ಮಾತ್ರೆ ಬಿಡಬೇಡಿ. ನಾನು ಒಮ್ಮೆ ಬಿಟ್ಟು ನೋಡಿದೆ, ಎರಡೇ ವಾರದಲ್ಲಿ ಮತ್ತೆ 160 ಆಯಿತು.

ಹೊಸಬೆಳಕು (ಹದಿನೇಳನೇ ವಾರ)

ನಮಸ್ಕಾರ, ಇಲ್ಲಿಗೆ ಹೊಸಬ. ನನಗೆ 36. ಇವತ್ತು ಮಧ್ಯಾಹ್ನದಿಂದ ಬಲಗಣ್ಣಿನ ಕೆಳಗಿನ ಅರ್ಧ ಮಸುಕು. ನೋವಿಲ್ಲ. ನಾಳೆ ಆಫೀಸಿನಲ್ಲಿ ಮುಖ್ಯವಾದ ಕೆಲಸ ಇದೆ. ಎರಡು ದಿನ ನೋಡಿ ಹೋಗಬಹುದಾ?

ಕಣ್ಣಪಾಪೆ (ಹದಿನೇಳನೇ ವಾರ)

ಇಲ್ಲ. ಈಗಲೇ ತುರ್ತು ವಿಭಾಗಕ್ಕೆ ಹೋಗಿ. ಮುಚ್ಚಿರುವುದು ಅಭಿಧಮನಿಯೋ ಅಪಧಮನಿಯೋ, ರೆಟಿನಾ ಕಳಚಿದೆಯೋ ನಿಮಗೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅಪಧಮನಿ ಆಗಿದ್ದರೆ ಅದು ಪಾರ್ಶ್ವವಾಯುವಿನಷ್ಟೇ ತುರ್ತು. ನೀವೇ ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಇದ್ದರೆ ಅದನ್ನೇ ಮೊದಲು ಹೇಳಿ.

ಮುಂಜಾವು (ಹದಿನೇಳನೇ ವಾರ)

ನಾನು ಮೂರು ದಿನ ಕಾದೆ. ನೀವು ಕಾಯಬೇಡಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಕಾಗದದಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಬಿಪಿ ಅಳೆದಾಗ ಸಂಖ್ಯೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ.

ಹೊಸಬೆಳಕು (ಹದಿನೇಳನೇ ವಾರ)

ಅಣ್ಣನಿಗೆ ಫೋನ್ ಮಾಡಿದೆ, ಗಾಡಿ ತರುತ್ತಿದ್ದಾನೆ. ಹೊರಟೆ.